ಏಕಪಕ್ಷೀಯ ಪಂದ್ಯವನ್ನು ನಡುವೆಯೇ ನಿಲ್ಲಿಸಬೇಕೆ?

ಆಟದಲ್ಲಿ ಒಂದು ಪಕ್ಷವು ಇನ್ನೊಂದನ್ನು ತಲೆಯೆತ್ತಲಾಗದಂತೆ ಸೋಲಿಸುತ್ತಿರುವಾಗ ಪಂದ್ಯವನ್ನು ಅಲ್ಲಿಗೇ ನಿಲ್ಲಿಸಬೇಕೆ, ಕೊನೆಯವರೆಗೂ ಆಡಿಸಬೇಕೆ ಎಂಬ ಪ್ರಶ್ನೆಯು ಸದ್ಭಕ್ತ ಕುಟುಂಬಗಳ ಈ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಶಾಲಾ ಕ್ರೀಡಾಕೂಟದಿಂದ ಮಗುವೊಂದು ಮುಖ ಬಾಡಿಸಿಕೊಂಡು ಬಂದು, ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದ ಸಂಜೆಯನ್ನು ಕಾಣದ ಮನೆ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ವಿರಳವೇ ಸರಿ.

2022ರ ನವೆಂಬರಿನಲ್ಲಿ ಶಿವಮೊಗ್ಗದಲ್ಲಿ ನಡೆದ 16 ವರ್ಷದೊಳಗಿನವರ ಕ್ರಿಕೆಟ್ ಪಂದ್ಯವನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. 50 ಓವರುಗಳಲ್ಲಿ ಸಾಗರದ ತಂಡ 583 ರನ್ ಗಳಿಸಿತು. ಅದರಲ್ಲಿ ಒಬ್ಬನೇ ಬಾಲಕನ ಗಳಿಕೆ 407. ಭದ್ರಾವತಿಯ ತಂಡ 73ಕ್ಕೆ ಮುಗಿಯಿತು. ಹೊಡೆದ ಬಾಲಕನ ಸಾಧನೆಯನ್ನು ನಾಡೆಲ್ಲ ಹೊಗಳಿತು, ಹೊಗಳಬೇಕಾದದ್ದೇ. ಬಿಸಿಲಿನಲ್ಲಿ ಚೆಂಡು ಹೆಕ್ಕಿ ತಂದ ಹನ್ನೊಂದು ಮಕ್ಕಳ ಮಾತನ್ನು ಮಾತ್ರ ನಾವು ಎಲ್ಲಿಯೂ ಓದಲಿಲ್ಲ.

ಇಂತಹ ಸೋಲನ್ನು ಮೊಟಕುಗೊಳಿಸುವ ನಿಯಮಗಳು ಜಗತ್ತಿನಲ್ಲಿ ಇಲ್ಲದೆ ಇಲ್ಲ. ಅಂತರರಾಷ್ಟ್ರೀಯ ಬೇಸ್‌ಬಾಲ್ ಪಂದ್ಯಗಳಲ್ಲಿ ಏಳು ಸರದಿಗಳ ನಂತರ ಹತ್ತು ಓಟಗಳ ಅಂತರವಿದ್ದರೆ ಆಟ ಮುಗಿಯಿತು. ಫ್ರೀಸ್ಟೈಲ್ ಕುಸ್ತಿಯಲ್ಲಿ ಹತ್ತು ಅಂಕಗಳ, ಗ್ರೀಕೋ ರೋಮನ್ ಕುಸ್ತಿಯಲ್ಲಿ ಎಂಟು ಅಂಕಗಳ ಮುನ್ನಡೆ ದೊರೆತೊಡನೆ ತೀರ್ಪುಗಾರರು ಜಯವನ್ನು ಸಾರಿಬಿಡುವರು. ದೇಹಕ್ಕೆ ಅಪಾಯವಿರುವೆಡೆ ಇದು ಸರಿಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆಂಗ್ಲರು ಇಂತಹ ನಿಯಮವನ್ನು ದಯೆಯ ನಿಯಮವೆಂದು ಕರೆಯುವುದುಂಟು. ದಯೆ ಎಂಬ ಮಾತಿಗೆ ಶರಣರ ಮಾರ್ಗದವರಾದ ನಮ್ಮಲ್ಲಿ ಎಂತಹ ತೂಕವಿದೆಯೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಆ ದಯೆ ಯಾರ ಮೇಲಿನದು? ಆಡುವವರ ಮೇಲಿನದೋ, ನೋಡಲಾರದೆ ಕುಳಿತವರ ಮೇಲಿನದೋ?

ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಶಾಲಾ ಬಾಲಕಿಯರ ಕಬಡ್ಡಿ ಪಂದ್ಯವೊಂದನ್ನು ನಾವು ನೋಡಿದೆವು. ಗುಬ್ಬಿ ಕಡೆಯ ಹಳ್ಳಿಯ ಮಕ್ಕಳು ಕುಣಿಗಲ್ ಕಡೆಯ ಬಲಿಷ್ಠ ತಂಡದೆದುರು ಆಡುತ್ತಿದ್ದರು. ಮೂರು ಬಾರಿ ಅಂಕಣ ಬರಿದಾಯಿತು. ಕಬಡ್ಡಿಯಲ್ಲಿ ಏಳು ಮಂದಿಯೂ ಔಟಾದರೆ ಎದುರಾಳಿಗೆ ಲೋನಾ ಎಂದು ಎರಡು ಅಂಕ ಹೆಚ್ಚಿಗೆ ಸಿಗುತ್ತದೆ, ಸತ್ತ ಏಳು ಮಂದಿಯೂ ಮತ್ತೆ ಜೀವ ಪಡೆದು ಅಂಕಣಕ್ಕೆ ಬರುತ್ತಾರೆ. (ಈ ನಿಯಮವನ್ನು ರೂಪಿಸಿದವರಾರೋ, ಅವರಿಗೆ ಶರಣು.) ನಮ್ಮ ಪಕ್ಕದಲ್ಲಿದ್ದ ತಂದೆಯೊಬ್ಬರು ತಡೆಯಲಾರದೆ ಎದ್ದುಹೋಗಿ, "ಸಾಕು ಮಾಡ್ರಿ ಸ್ವಾಮಿ, ಮಕ್ಕಳ ಮುಖ ನೋಡಕ್ಕಾಗಲ್ಲ" ಎಂದು ತೀರ್ಪುಗಾರರನ್ನು ಬೇಡಿಕೊಂಡರು. ಅಂಕಣದೊಳಗಿನಿಂದ ಅವರ ಮಗಳೇ, "ಸುಮ್ಕೆ ಕೂತ್ಕಳಪ್ಪ, ಇನ್ನೂ ಆರು ನಿಮಿಷ ಐತೆ" ಎಂದುಬಿಟ್ಟಳು. ಆ ಆರು ನಿಮಿಷಗಳಲ್ಲಿ ಅವರು ಗಳಿಸಿದ್ದು ಎರಡೋ ಮೂರೋ ಅಂಕ, ಅಷ್ಟೆ. ಸೋಲೇನೂ ಚಿಕ್ಕದಾಗಲಿಲ್ಲ.

ಅಲ್ಲಿ ನಮ್ಮನ್ನು ನೋಯಿಸಿದ್ದು ಅಂಕಗಳ ಫಲಕವಲ್ಲ, ಧ್ವನಿವರ್ಧಕ. ಒಂದೊಂದು ಲೋನಾಕ್ಕೂ ಒಬ್ಬಾತ ಅದರಲ್ಲಿ ಸೋತ ಮಕ್ಕಳ ಊರಿನ ಹೆಸರು ಹಿಡಿದು ಹಾಸ್ಯ ಮಾಡುತ್ತಿದ್ದ, ಹಿರಿಯರೇ ನಗುತ್ತಿದ್ದರು. ಮೊಟಕುಗೊಳಿಸಬೇಕಾದದ್ದು ಅದನ್ನು.

ಸೋಲುತ್ತಿರುವವರಿಗೆ ಉಳಿದ ಆಟದಲ್ಲಿ ಏನೂ ದಕ್ಕುವುದಿಲ್ಲವೆಂಬ ಎಣಿಕೆಯೂ ಪೂರ್ತಿ ನಿಜವಲ್ಲ. 2015ರ ಮಾರ್ಚಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ ನಮ್ಮ ಕರ್ನಾಟಕವು ತಮಿಳುನಾಡನ್ನು 134ಕ್ಕೆ ಉರುಳಿಸಿ, ಕರುಣ್ ನಾಯರ್ ಅವರ 328 ರನ್‌ಗಳ ಬಲದಿಂದ 762 ಗಳಿಸಿತು. ಮುನ್ನಡೆ 628! ನಿಲ್ಲಿಸುವುದಾದರೆ ಅಲ್ಲಿಯೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಎರಡನೆಯ ಸರದಿಯಲ್ಲಿ ತಮಿಳುನಾಡು ಗಳಿಸಿದ 411 ರನ್‌ಗಳೂ, ದಿನೇಶ್ ಕಾರ್ತಿಕ್ ಮತ್ತು ವಿಜಯ್ ಶಂಕರ್ ಅವರ ಶತಕಗಳೂ ಇರುತ್ತಿರಲಿಲ್ಲ. ಇನ್ನಿಂಗ್ಸ್ ಹಾಗೂ 217 ರನ್‌ಗಳಿಂದ ಸೋತ ಆ ಇಬ್ಬರು ತಲೆತಗ್ಗಿಸಿ ಹಿಂದಿರುಗಬೇಕಾದ ಕಾರಣ ನಮಗೆ ಕಾಣದು.

ಅವರು ಪ್ರೌಢರು, ಸಮಬಲರು ಎನ್ನಬಹುದು. ಒಪ್ಪಿದೆವು. ಮಕ್ಕಳ ವಿಷಯದಲ್ಲಿ ತಪ್ಪು ಪಂದ್ಯದ ನಡುವೆ ಆಗುವುದಲ್ಲ, ಪಂದ್ಯ ಹೂಡುವಾಗಲೇ ಆಗಿರುತ್ತದೆ. ನಮ್ಮ ಜಾತ್ರೆಗಳ ಕುಸ್ತಿಯಲ್ಲಿ ಹಿರಿಯ ಪೈಲ್ವಾನರು ಹುಡುಗರ ಎತ್ತರ, ಮೈಕಟ್ಟು, ಪಳಗಿದ ಕಾಲ ಎಲ್ಲವನ್ನೂ ನೋಡಿ ಜೋಡಿ ಹಾಕಿದ ಮೇಲೆಯೇ ಅಖಾಡಕ್ಕೆ ಬಿಡುವುದು. ಸರಿಯಾದ ಜೋಡಿ ಇಲ್ಲದಿದ್ದರೆ ಆ ದಿನ ಅವನಿಗೆ ಕುಸ್ತಿಯೇ ಇಲ್ಲ. ಆರನೆಯ ತರಗತಿಯ ಮಕ್ಕಳನ್ನು ಹತ್ತನೆಯ ತರಗತಿಯವರೆದುರು ನಿಲ್ಲಿಸಿ, ಅನಂತರ ಕನಿಕರಪಟ್ಟು ಸೀಟಿ ಊದುವವರು ಈ ಪೈಲ್ವಾನರ ಬಳಿ ಒಂದು ದಿನ ಕುಳಿತು ಬರುವುದು ಲೇಸು.

ಜಾತ್ರೆ, ಬಸವ ಜಯಂತಿಗಳ ಸಮಯದಲ್ಲಿ ಮಕ್ಕಳ ಆಟಗಳನ್ನು ಏರ್ಪಡಿಸುವ ನಮ್ಮ ಯುವಕ ಸಂಘಗಳವರಲ್ಲಿ ಬಿನ್ನಹವಿಷ್ಟೆ: ಅಂತರ ತೀರ ಹೆಚ್ಚಾದಾಗ ಅಂಕಗಳನ್ನು ಕೂಗಿ ಹೇಳುವುದನ್ನು ಬಿಡಿ, ಗೆಲ್ಲುವ ಪಕ್ಷದಿಂದ ಕಾಯುತ್ತ ಕುಳಿತ ಹೊಸಬರನ್ನು ಇಳಿಸಿ. ಅದಾದ ಮೇಲೂ ನಿಲ್ಲಿಸಬೇಕೆನಿಸಿದರೆ ಸೋಲುತ್ತಿರುವ ತಂಡದ ನಾಯಕನನ್ನೋ ನಾಯಕಿಯನ್ನೋ ಪಕ್ಕಕ್ಕೆ ಕರೆದು ಕೇಳಿ, ತಂದೆತಾಯಿಗಳನ್ನಲ್ಲ.