ಹಳೆಯ ಕಾರು: ಉಳಿಸಿಕೊಳ್ಳುವುದೋ, ಕಳಿಸಿಕೊಡುವುದೋ?

ಮನೆಯಲ್ಲಿ ಹಳೆಯದಾಗುವ ವಸ್ತುಗಳಲ್ಲಿ ಎರಡು ಜಾತಿ ಉಂಟು. ಹಿತ್ತಾಳೆಯ ಕೊಳದಪ್ಪಲೆ, ಬೀಟೆ ಮರದ ಪೆಟ್ಟಿಗೆ, ಅಜ್ಜಿಯ ಕಾಲದ ಒರಳುಕಲ್ಲು ಮೊದಲಾದವು ಒಂದು ಜಾತಿ. ಇವು ಹಳೆಯದಾದಷ್ಟೂ ಮನೆಗೆ ಗೌರವ ತರುತ್ತವೆ. ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಇನ್ನೊಂದು ಜಾತಿಯವು ಹಳೆಯದಾದಷ್ಟೂ ಕೇಳತೊಡಗುತ್ತವೆ. ಈ ಎರಡನೆಯ ಜಾತಿಯಲ್ಲಿ ಅಗ್ರಸ್ಥಾನ ಮೋಟಾರು ಕಾರಿನದು. ಮೊದಲು ಬ್ಯಾಟರಿ ಕೇಳುತ್ತದೆ, ಆಮೇಲೆ ಟೈರು ಕೇಳುತ್ತದೆ, ಕೊನೆಗೊಂದು ದಿನ ಯಜಮಾನನ ಸಮಾಧಾನವನ್ನೇ ಕೇಳುತ್ತದೆ.

ಆಗ ಹುಟ್ಟುವ ಪ್ರಶ್ನೆ ಒಂದೇ: ರಿಪೇರಿ ಮಾಡಿಸುವುದೋ, ಮಾರಿಬಿಡುವುದೋ? ಮಗಳಿಗೆ ವರ ನೋಡುವಾಗ ಹೇಗೋ ಹಾಗೆ, ಈ ಪ್ರಶ್ನೆ ಬಂದಾಗಲೂ ಅಭಿಪ್ರಾಯ ಹೇಳದವರೇ ಇಲ್ಲ. ಎದುರುಮನೆಯವರು, ಷಡ್ಡಕರು, ಹಾಲಿನವನು ಎಲ್ಲರೂ ಹೇಳುತ್ತಾರೆ. ಕಾರಿನ ಅಡಿಗೆ ಬಗ್ಗಿ ನೋಡುವವರು ಮಾತ್ರ ವಿರಳ.

ಮೈಸೂರಿನ ಸರಸ್ವತೀಪುರದ ಒಂದು ಮನೆಯಲ್ಲಿ ಈ ಪ್ರಶ್ನೆ ಎದ್ದ ಬಗೆಯನ್ನೂ, ಅದು ಇತ್ಯರ್ಥವಾದ ಬಗೆಯನ್ನೂ ಇಲ್ಲಿ ಹೇಳಬಹುದು. ಆ ಮನೆಯ ರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರ ಕಾರು 1986ರ ಪ್ರೀಮಿಯರ್ ಪದ್ಮಿನಿ, ಕೆನೆಬಣ್ಣದ್ದು. ಹೊಸ ಕಾಲದ ಮಕ್ಕಳಿಗೆ ಪದ್ಮಿನಿಯ ಪರಿಚಯ ಇರಲಾರದು. ಮೂಲದಲ್ಲಿ ಅದು ಇಟಲಿಯ ಫಿಯಟ್ 1100. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಅದನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. 1974ರಲ್ಲಿ ಅದಕ್ಕೆ ಚಿತ್ತೂರಿನ ರಾಣಿಯ ಹೆಸರು ಬಂತು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಇಂಜಿನ್ನು. ಗೇರಿನ ಹಿಡಿ ಸ್ಟೀರಿಂಗಿನ ಬುಡದಲ್ಲಿ. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ಅದರ ತಯಾರಿಕೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕರಿ-ಹಳದಿ ಟ್ಯಾಕ್ಸಿಗಳ ಸಾಲಿನಿಂದಲೂ ಪದ್ಮಿನಿ ನಿರ್ಗಮಿಸಿತು.

ಕಾರು ರಾಯರದೆಂದು ಹೇಳುವುದು ರೂಢಿಯ ಮಾತು. ನೋಂದಣಿ ಪುಸ್ತಕದಲ್ಲಿ ಅವರ ಹೆಸರಿದೆ, ಅಷ್ಟೆ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವರ ಪಕ್ಕದ ನೋಟ ಕುಗ್ಗಿ, 2015ರಿಂದ ಅವರು ಸ್ಟೀರಿಂಗ್ ಮುಟ್ಟಿಲ್ಲ. ನಡೆಸುವವರು ಅವರ ಶ್ರೀಮತಿ. 1988ರಲ್ಲಿ ಮಾನಸಗಂಗೋತ್ರಿಯ ಖಾಲಿ ರಸ್ತೆಗಳಲ್ಲಿ ಇದೇ ಕಾರಿನಲ್ಲಿ ಕಲಿತವರು. ಬೇರೆ ಕಾರನ್ನು ನಡೆಸಿದವರೇ ಅಲ್ಲ. ಈಗ ಆಕೆಗೆ ಅರವತ್ತೇಳು. ತಿಂಗಳಿಗೆರಡು ಸಲ ಯಜಮಾನರನ್ನು ಕಣ್ಣಿನ ವೈದ್ಯರಲ್ಲಿಗೆ, ಶನಿವಾರ ದೇವರಾಜ ಮಾರುಕಟ್ಟೆಗೆ, ಮನಸ್ಸಾದಾಗ ನಂಜನಗೂಡಿನಲ್ಲಿ ಹಾಸಿಗೆ ಹಿಡಿದಿರುವ ಅಕ್ಕನ ಮನೆಗೆ: ಇದು ಆಕೆಯ ಸಂಚಾರ. ಯಾರನ್ನೂ ಕೇಳದೆ ಬೀಗದ ಕೈ ತೆಗೆದುಕೊಂಡು ಹೊರಡುವ ಆ ಸ್ವಾತಂತ್ರ್ಯ ಎಷ್ಟು ದೊಡ್ಡದೆಂಬುದು, ಹೊರಡುವ ಮೊದಲು ಮಗನನ್ನೋ ಅಳಿಯನನ್ನೋ ಕೇಳಬೇಕಾದವರಿಗೆ ಗೊತ್ತು.

ಕಳೆದ ಮಳೆಗಾಲದ ಕೊನೆಗೆ ಪದ್ಮಿನಿ ನೀಲಿ ಹೊಗೆ ಉಗುಳತೊಡಗಿತು. ಹೊಗೆಯ ಬಣ್ಣಕ್ಕೂ ಒಂದು ಭಾಷೆಯಿದೆ. ಕರಿಯ ಹೊಗೆ ಪೆಟ್ರೋಲು ಹೆಚ್ಚಾಯಿತೆನ್ನುತ್ತದೆ. ಬಿಟ್ಟೂ ಬಿಡದೆ ಬರುವ ದಟ್ಟ ಬಿಳಿಯ ಹೊಗೆ ನೀರು ಸಿಲಿಂಡರಿಗೆ ಇಳಿಯುತ್ತಿದೆಯೆನ್ನುತ್ತದೆ. ನೀಲಿ ಹೊಗೆ ಇಂಜಿನ್ನಿನ ಎಣ್ಣೆ ಉರಿಯುತ್ತಿದೆಯೆನ್ನುತ್ತದೆ. ಮೂವತ್ತು ವರ್ಷಗಳಿಂದ ಈ ಕಾರನ್ನು ಬಲ್ಲ ಮೇಸ್ತ್ರಿ, ಪ್ಲಗ್ಗು ಬಿಚ್ಚಿ ಒಂದೊಂದು ಸಿಲಿಂಡರಿಗೂ ಒತ್ತಡದ ಮಾಪಕ ಹಿಡಿದ. ಮೂರನೆಯದರಲ್ಲಿ ಒತ್ತಡ ಕಡಿಮೆ. ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದ, ಒತ್ತಡ ಏರಿತು. ಏರದಿದ್ದರೆ ದೋಷ ವಾಲ್ವಿನದು. ಏರಿದರೆ ಸವೆದಿರುವುದು ಪಿಸ್ಟನ್ನಿನ ರಿಂಗು ಮತ್ತು ಸಿಲಿಂಡರಿನ ಗೋಡೆ. "ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಇಂಜಿನ್ನು ಇನ್ನೂ ಹತ್ತು ವರ್ಷ ಓಡುತ್ತೆ, ಸಾರ್" ಎಂದು ಆತ ಹೇಳಿದ್ದು ಸುಳ್ಳಲ್ಲ.

ಆತ ಬರೆದುಕೊಟ್ಟ ಚೀಟಿ ಹೀಗಿತ್ತು: ಇಂಜಿನ್ನಿಗೆ 58,000; ಬ್ರೇಕು, ಸ್ಪ್ರಿಂಗು, ಬುಷ್ಷುಗಳಿಗೆ 27,000; ವೈರಿಂಗು, ರೇಡಿಯೇಟರಿಗೆ 20,000; ಬಾಗಿಲುಗಳ ತಗಡಿನ ಕೆಲಸ ಮತ್ತು ಬಣ್ಣಕ್ಕೆ 65,000. ಒಟ್ಟು 1,70,000 ರೂಪಾಯಿ. ಕೆಳಗೆ ಸಣ್ಣ ಅಕ್ಷರದಲ್ಲಿ, "ತಳದ ತಗಡು: ಮ್ಯಾಟ್ ತೆಗೆದು ನೋಡಿದ ಮೇಲೆ" ಎಂದಿತ್ತು, ಅದರ ಮುಂದೆ ಅಂಕಿ ಇರಲಿಲ್ಲ.

ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ ನಕ್ಕ. "ಅಪ್ಪ, ಮಾರಿದರೆ ನಲವತ್ತು ಸಾವಿರ ಬಾರದ ಕಾರಿಗೆ ಒಂದು ಲಕ್ಷ ಎಪ್ಪತ್ತು ಸಾವಿರ ಸುರಿಯುವುದೆ?"

ರಾಯರಿಗೆ ರೇಗಿತು. "ಮೂರು ವರ್ಷದಲ್ಲಿ ತೊಂಬತ್ತು ಸಾವಿರ ಖರ್ಚು ಮಾಡಿದ್ದೇನೆ ಕಣೋ. ಈಗ ಬಿಟ್ಟುಬಿಟ್ಟರೆ ಅದೆಲ್ಲ ನೀರಿಗೆ ಹಾಕಿದ ಹಾಗಲ್ಲವೆ?"

ಹಳೆಯ ಕಾರಿನ ವಿಷಯದಲ್ಲಿ ಲೋಕ ಮಾಡುವ ವಾದಗಳು ಸಾಮಾನ್ಯವಾಗಿ ಇವೆರಡೇ. ವಿಚಾರಿಸಿ ನೋಡಿದರೆ ಎರಡೂ ಜೊಳ್ಳು. ಮಗನ ವಾದವನ್ನು ನೋಡಿ. ಮಾರುವವನಿಗೆ ಮಾರುಕಟ್ಟೆಯ ಬೆಲೆ ಮುಖ್ಯ. ಬಳಸುವವನಿಗೆ ಮುಖ್ಯವಾದದ್ದು ಅಷ್ಟೇ ಹಣಕ್ಕೆ ಅದೇ ಕೆಲಸ ಮಾಡುವ ಬೇರೆ ಏನು ಸಿಕ್ಕೀತು ಎಂಬುದು. ನಲವತ್ತು ಸಾವಿರಕ್ಕೆ ಸಿಗುವ ಇನ್ನೊಂದು ಕಾರು ಇದಕ್ಕಿಂತ ಆರೋಗ್ಯವಾಗಿರುತ್ತದೆಯೆ? ರಾಯರ ವಾದವಾದರೂ ಅಷ್ಟೆ. ಆದ ಖರ್ಚು ಆಗಿಹೋಯಿತು. ಕಾರನ್ನು ಉಳಿಸಿಕೊಂಡರೂ ಅದು ಮರಳಿ ಬಾರದು, ಕಳಿಸಿದರೂ ಬಾರದು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಪರರ ಸಾಲದ ಲೆಕ್ಕ ನೋಡಿದವರಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಸ್ವಂತ ಕಾರಿನ ಮುಂದೆ ನಿಂತಾಗ ಲೆಕ್ಕಿಗನೂ ತಂದೆಯಂತಾಗುತ್ತಾನೆ.

ಶ್ರೀಮತಿಯವರು ಅಷ್ಟು ಹೊತ್ತೂ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಅವರು ಕೇಳಿದ್ದು ಬೇರೆಯೇ ಪ್ರಶ್ನೆ. "ಕಾರು ಇರಲೋ ಬೇಡವೋ ಅನ್ನುವುದು ಆಮೇಲೆ ಆಗಲಿ ಅಂದ್ರೆ. ನಮಗೆ ಅದು ಯಾವ ಯಾವ ಕೆಲಸಕ್ಕೆ ಬೇಕು, ಅದನ್ನು ಮೊದಲು ಬರೆಯಿರಿ."

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. ವರ್ಷದ ಓಡಾಟ 3,000 ಕಿಲೋಮೀಟರು. ಬಾಡಿಗೆಯ ಕಾರಿಗೆ ಕಿಲೋಮೀಟರಿಗೆ 20 ರೂಪಾಯಿ ಹಿಡಿದರೆ 60,000. ಪದ್ಮಿನಿಯನ್ನು ರಿಪೇರಿ ಮಾಡಿಸಿ ಐದು ವರ್ಷ ಓಡಿಸಿದರೆ, ರಿಪೇರಿಯ ಪಾಲು ವರ್ಷಕ್ಕೆ 34,000, ಲೀಟರಿಗೆ ಹನ್ನೆರಡು ಕಿಲೋಮೀಟರಿನಂತೆ ಪೆಟ್ರೋಲಿಗೆ 25,000, ಸಣ್ಣಪುಟ್ಟ ಕೆಲಸಕ್ಕೆ 15,000, ವಿಮೆ ಮುಂತಾದ್ದಕ್ಕೆ 5,000, ಒಟ್ಟು 79,000. ಹತ್ತು ವರ್ಷ ಹಳೆಯದಾದ ಒಂದು ಚಿಕ್ಕ ಕಾರನ್ನು 2,40,000ಕ್ಕೆ ಕೊಂಡು, ಐದು ವರ್ಷದ ಮೇಲೆ ಒಂದು ಲಕ್ಷಕ್ಕೆ ಮಾರಿದರೆ ಅದರ ಪಾಲು ವರ್ಷಕ್ಕೆ 28,000, ಪೆಟ್ರೋಲಿಗೆ 17,000, ಕೆಲಸಕ್ಕೆ 12,000, ವಿಮೆಗೆ 6,000, ಒಟ್ಟು 63,000.

ವ್ಯತ್ಯಾಸ ಹದಿನಾರು ಸಾವಿರ. ರಾಯರಿಗೆ ಧೈರ್ಯ ಬಂತು. ಮೂವತ್ತೊಂಬತ್ತು ವರ್ಷದ ಅಭಿಮಾನಕ್ಕೆ ವರ್ಷಕ್ಕೆ ಹದಿನಾರು ಸಾವಿರ ದುಬಾರಿಯೇನಲ್ಲ. ಅದಕ್ಕಿಂತ ಹೆಚ್ಚನ್ನು ನಶ್ಯಕ್ಕೆ ಕಳೆದವರಿದ್ದಾರೆ. ಬಾಡಿಗೆಯ ಕಾರು ಅಗ್ಗವೆಂದು ಕಂಡರೂ, ನಂಜನಗೂಡಿನಿಂದ ನಸುಕಿನ ನಾಲ್ಕು ಗಂಟೆಗೆ ಕರೆ ಬಂದರೆ ಅದು ಬಾಗಿಲಿಗೆ ಬಂದು ನಿಲ್ಲುವ ಭರವಸೆ ಎಲ್ಲಿ?

ಇನ್ನು ಕಾನೂನು. ಖಾಸಗಿ ಕಾರಿನ ನೋಂದಣಿ ಮೊದಲು ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. 1986ರ ಕಾರಿಗೆ 2001ರಲ್ಲಿ ಮೊದಲ ನವೀಕರಣವಾಗಿ, ಮುಂದಿನದು 2026ಕ್ಕೆ ಬೀಳುತ್ತದೆ. ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 5,000ದಿಂದ 10,000 ರೂಪಾಯಿಗೆ ಏರಿಸಿತು. ಅದರ ಮೇಲೆ ಹಸಿರು ತೆರಿಗೆ. ಅದಕ್ಕೂ ಮೊದಲು ಕಾರನ್ನು ಅಧಿಕಾರಿಯ ಮುಂದೆ ಒಯ್ದು ಅದು ರಸ್ತೆಗೆ ಯೋಗ್ಯವೆಂದು ತೋರಿಸಬೇಕು. ದೆಹಲಿಯಂತೆ ಹದಿನೈದು ತುಂಬಿದ ಪೆಟ್ರೋಲು ಕಾರಿಗೆ ಇಲ್ಲಿ ರಸ್ತೆ ಮುಚ್ಚಿಲ್ಲವಾದರೂ, ದಾರಿ ಮೊದಲಿನಷ್ಟು ಸಲೀಸಲ್ಲ. ಪೆಟ್ರೋಲೂ ಬದಲಾಗಿದೆ. ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತಿತು. ಹಳೆಯ ಇಂಜಿನ್ನುಗಳ ವಾಲ್ವಿನ ಪೀಠಗಳಿಗೆ ಸವೆಯದಂತೆ ರಕ್ಷೆಯಾಗಿದ್ದುದು ಆ ಸೀಸವೇ. ಈಗ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಅದು ಹಳೆಯ ಕಾಲದ ರಬ್ಬರಿನ ಕೊಳವೆಗಳಿಗೆ ಹಿತವಲ್ಲ. ಇವೆಲ್ಲಕ್ಕೂ ಪರಿಹಾರವುಂಟು: ಗಟ್ಟಿಯ ಪೀಠ ಕೂರಿಸಬಹುದು, ಕೊಳವೆ ಬದಲಿಸಬಹುದು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಬೇಕು, ಅಷ್ಟೆ.

ರಾಯರು ಚೀಟಿಗೆ ಒಪ್ಪಿಗೆ ಕೊಡುವುದರಲ್ಲಿದ್ದರು. ಆಗ ಶ್ರೀಮತಿಯವರು ಚೀಟಿಯ ಕೊನೆಯ ಸಾಲಿಗೆ ಬೆರಳಿಟ್ಟು, "ಇದಕ್ಕೆ ಅಂಕಿಯೇ ಇಲ್ಲವಲ್ಲ. ನಾಳೆ ಮ್ಯಾಟ್ ತೆಗೆಸಿ ನೋಡೋಣ" ಎಂದರು.

ಮರುದಿನ ಮ್ಯಾಟು ತೆಗೆದಾಗ ಹಸಿ ಮಣ್ಣಿನ ವಾಸನೆ ಬಂತು. ಮುಂದಿನ ಗಾಜಿನ ರಬ್ಬರಿನಲ್ಲಿ ಬಿರುಕು ಬಿಟ್ಟು, ವರ್ಷ ವರ್ಷವೂ ಮಳೆನೀರು ಇಳಿದು, ಮ್ಯಾಟಿನ ಕೆಳಗೆ ಇಂಗದೆ ನಿಂತು ತನ್ನ ಕೆಲಸ ಮಾಡಿತ್ತು. ಮೇಸ್ತ್ರಿ ಸ್ಕ್ರೂಡ್ರೈವರಿನ ಮೊನೆಯಿಂದ ಮೆಲ್ಲಗೆ ಒತ್ತಿದ; ಅದು ಹಪ್ಪಳದೊಳಗೆ ಹೋದಂತೆ ಹೋಗಿ ಆಚೆ ಬಂತು. ಬಾಗಿಲಿನ ಅಡಿಯ ಪಟ್ಟಿಗೆ ಅಯಸ್ಕಾಂತ ಹಿಡಿದ. ಅದು ಅಂಟದೆ ಜಾರಿತು. ಅಂದರೆ ಅಲ್ಲಿ ತಗಡಿಲ್ಲ. ಹಿಂದೆಂದೋ ಬಣ್ಣ ಹೊಡೆದವರು ತುಂಬಿದ ಪುಟ್ಟಿ ಮಾತ್ರ. ಹಿಂದಿನ ಪಟ್ಟಿ ಸ್ಪ್ರಿಂಗು ಕಾರಿನ ಒಡಲನ್ನು ಹಿಡಿಯುವ ಜಾಗದಲ್ಲೂ ತುಕ್ಕು ಪದರ ಪದರವಾಗಿ ಎದ್ದಿತ್ತು.

ಇಲ್ಲಿ ಒಂದು ಮಾತು ವಿವರಿಸಬೇಕು. ಜೀಪು, ಲಾರಿಗಳಿಗೆ ಕೆಳಗೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟು ಇರುತ್ತದೆ. ಮೇಲಿನ ತಗಡು ಕೊಳೆತರೂ ಎಲುಬು ಗಟ್ಟಿ. ಪದ್ಮಿನಿಯಂಥ ಕಾರಿಗೆ ಬೇರೆ ಚೌಕಟ್ಟು ಇಲ್ಲ. ತಳ, ಅಡಿಪಟ್ಟಿ, ಕಂಬ, ಮಾಡು ಎಲ್ಲ ಸೇರಿ ಬೆಸುಗೆಯಾದ ಒಡಲೇ ಅದರ ಎಲುಬು. ಇಂಜಿನ್ನು ಕೆಟ್ಟರೆ ಕಾರು ನಿಲ್ಲುತ್ತದೆ. ತಳ ಕೆಟ್ಟರೆ ಕಾರು ನಿಲ್ಲುವುದಿಲ್ಲ. ಓಡುತ್ತಲೇ ಇದ್ದು, ಬಲವಾದ ಬ್ರೇಕು ಹಾಕಿದ ದಿನವೋ ಇನ್ನೊಂದು ವಾಹನ ಬಂದು ತಗುಲಿದ ದಿನವೋ ಒಳಗಿರುವವರನ್ನು ಕೈಬಿಡುತ್ತದೆ. ಭಯಪಡಬೇಕಾದದ್ದು ಹೊಗೆಗಲ್ಲ, ಇದಕ್ಕೆ.

"ತಳ ಪೂರ್ತಿ ಕತ್ತರಿಸಿ ಹೊಸ ತಗಡು ಬೆಸೆಯಬಹುದಲ್ಲವೇನಪ್ಪ?" ಎಂದರು ರಾಯರು.

"ಬೆಸೆಯಬಹುದು ಸಾರ್. ಒಳ್ಳೆ ತಗಡು ಇರುವ ಕಡೆ ತನಕ ಕತ್ತರಿಸಬೇಕು. ಅದು ಎಲ್ಲಿ ಸಿಗುತ್ತೋ ಕತ್ತರಿಸಿದ ಮೇಲೇ ಗೊತ್ತಾಗೋದು."

ಶ್ರೀಮತಿಯವರು ಕೇಳಿದರು: "ಇಂಜಿನ್ನಿಗೆ ಹತ್ತು ವರ್ಷ ಅಂತ ಮಾತು ಕೊಟ್ಟೆಯಲ್ಲಪ್ಪ, ತಳಕ್ಕೆ ಎಷ್ಟು ವರ್ಷದ ಮಾತು ಕೊಡುತ್ತೀಯ?"

ಮೇಸ್ತ್ರಿ ಕೈಯ ಬಟ್ಟೆಯನ್ನು ಮಡಿಸಿದ. "ಇಂಜಿನ್ನಿಗೆ ಮಾತು ಕೊಡ್ತೀನಿ ಅಮ್ಮಾವ್ರೇ. ತಳಕ್ಕೆ ಕೊಡಲ್ಲ. ನೀವು ಕೂತು ಓಡಿಸೋ ಕಾರು."

ಇಂಥ ಮಾತು ಆಡುವ ಮೇಸ್ತ್ರಿ ಸಿಕ್ಕುವುದು ಪುಣ್ಯ. ಒಂದು ಲಕ್ಷಕ್ಕೂ ಮೀರಿದ ಕೆಲಸ ಆ ಒಂದು ಮಾತಿನಿಂದ ಅವನ ಕೈಬಿಟ್ಟಿತು.

ಆ ರಾತ್ರಿ ರಾಯರು ಊಟದಲ್ಲಿ ಮಾತಾಡಲಿಲ್ಲ. ಕೊನೆಗೆ, "ನಿನಗೆ ಅದು ಬಿಟ್ಟು ಬೇರೆ ಕಾರು ಗೊತ್ತಿಲ್ಲ. ಅದು ಹೋದರೆ ನೀನು ಮನೆಯಲ್ಲೇ ಕೂತುಬಿಡುತ್ತೀಯಲ್ಲ ಎಂಬುದೇ ನನ್ನ ಯೋಚನೆ" ಎಂದರು. ರಿಪೇರಿಗೆ ಅವರು ಹಟ ಹಿಡಿದಿದ್ದರ ಮೂಲ ಅಷ್ಟು ದಿನಕ್ಕೆ ಹೊರಗೆ ಬಂತು. ಅಭಿಮಾನ ಕಾರಿನ ಮೇಲಿನದೆಂದು ಎಲ್ಲರೂ ತಿಳಿದಿದ್ದರು.

"ನಾನು ಕಲಿತದ್ದು ಓಡಿಸುವುದನ್ನ ಅಂದ್ರೆ, ಪದ್ಮಿನಿಯನ್ನಲ್ಲ. ಗೇರು ಕೈಯ ಬಳಿ ಇದ್ದದ್ದು ಮಂಡಿಯ ಬಳಿ ಬರುತ್ತೆ, ಅಷ್ಟೇ ತಾನೆ? ಹದಿನೈದು ದಿನ ಕಲಿತರಾಯಿತು" ಎಂದರು ಆಕೆ.

ಕಾರು ಗುಜರಿಗೆ ಹೋಗಲಿಲ್ಲ. ಹೋಗಿದ್ದರೂ ಅದಕ್ಕೊಂದು ಕ್ರಮವಿದೆ: 2021ರ ನಿಯಮಗಳಂತೆ ನೋಂದಾಯಿತ ಕೇಂದ್ರಕ್ಕೇ ಒಪ್ಪಿಸಿ, ಪ್ರಮಾಣಪತ್ರ ಪಡೆದು, ನೋಂದಣಿ ರದ್ದು ಮಾಡಿಸಬೇಕು. ಮಂಡ್ಯದ ಕಡೆಯ ಒಬ್ಬ ತರುಣನಲ್ಲಿ ಒಡಲು ಗಟ್ಟಿಯಾಗಿದ್ದು ಇಂಜಿನ್ನು ಒಡೆದುಹೋಗಿದ್ದ ಇನ್ನೊಂದು ಪದ್ಮಿನಿ ಇತ್ತು. ಅವನಿಗೆ ತಳದ ವಿಷಯವನ್ನು ಮುಚ್ಚಿಡದೆ ತೋರಿಸಿ, 35,000ಕ್ಕೆ ಕೊಟ್ಟರು. ರಾಯರು ಬ್ಯಾಂಕಿನವರಲ್ಲವೆ? ವರ್ಗಾವಣೆಯ ಅರ್ಜಿಗಳಿಗೆ ಸಹಿಯಾಗಿ, ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಹತ್ತಿದರು. ಹೆಸರು ಬದಲಾಗದ ಕಾರು ಎಲ್ಲಿ ಅಪಘಾತ ಮಾಡಿದರೂ ಹಳೆಯ ಯಜಮಾನನ ಬಾಗಿಲಿಗೇ ನೋಟೀಸು ಬರುತ್ತದೆ. ಇಂಜಿನ್ನು ಬದಲಿಸಿದ್ದನ್ನು ನೋಂದಣಿಯಲ್ಲಿ ಕಾಣಿಸಬೇಕೆಂದು ಆ ಹುಡುಗನಿಗೂ ಬುದ್ಧಿ ಹೇಳಿದರು.

ಇದರಿಂದ, ಹಳೆಯ ಕಾರನ್ನೆಲ್ಲ ಕಳಿಸಿಬಿಡಬೇಕೆಂಬ ನೀತಿಯನ್ನು ಯಾರೂ ತೆಗೆಯಬೇಕಾಗಿಲ್ಲ. ಅದೇ ಚೀಟಿ, ಅದೇ ಅಂಕಿಗಳು ಇದ್ದು, ಮ್ಯಾಟಿನ ಕೆಳಗೆ ಒಣಗಿದ ಗಟ್ಟಿ ತಗಡು ಕಂಡಿದ್ದರೆ, ಬಣ್ಣದ ಖರ್ಚನ್ನು ಮುಂದಕ್ಕೆ ಹಾಕಿ ಇಂಜಿನ್ನು, ಬ್ರೇಕುಗಳನ್ನು ಮಾಡಿಸುವುದೇ ವಿವೇಕವಾಗುತ್ತಿತ್ತು. ಹೊಳಪಿನಿಂದ ಆರಂಭಿಸಿ ತಳಕ್ಕೆ ಬರುವವರು ಹಣ ಕಳೆದುಕೊಳ್ಳುತ್ತಾರೆ. ತಳದಿಂದ ಆರಂಭಿಸುವವರಿಗೆ ನಿರ್ಣಯ ತಾನಾಗಿಯೇ ದೊರೆಯುತ್ತದೆ. ಕಾರು ಯಾವ ಕೆಲಸಕ್ಕೆ ಬೇಕು, ಅದರೊಳಗೆ ಯಾರು ಕೂರುತ್ತಾರೆ, ಎಲುಬು ಗಟ್ಟಿಯೇ, ಮುಂದಿನ ಐದು ವರ್ಷಕ್ಕೆ ತಗಲುವುದೆಷ್ಟು: ಈ ನಾಲ್ಕನ್ನು ಇದೇ ಕ್ರಮದಲ್ಲಿ ಕೇಳಿದರೆ ಸಾಕು.

ಸರಸ್ವತೀಪುರದ ಆ ಮನೆಯ ಮುಂದೆ ಈಗ ಒಂದು ಚಿಕ್ಕ ಬೂದುಬಣ್ಣದ ಕಾರು ನಿಲ್ಲುತ್ತದೆ. ಗೇರು ಬದಲಿಸಬೇಕಾದಾಗ ಶ್ರೀಮತಿಯವರ ಎಡಗೈ ಒಮ್ಮೊಮ್ಮೆ ಸ್ಟೀರಿಂಗಿನ ಬುಡಕ್ಕೇ ಹೋಗುವುದುಂಟು. ಪಕ್ಕದಲ್ಲಿ ಕೂತ ರಾಯರು ಏನೂ ಅನ್ನುವುದಿಲ್ಲ. ಅಕ್ಕನ ಮನೆಗೆ ಹೋಗುವ ಶುಕ್ರವಾರಗಳು ಮಾತ್ರ ಮೊದಲಿನಂತೆಯೇ ನಡೆದಿವೆ.