ಎಷ್ಟರ ಮೇಲೆ 60?

ಡಿಪ್ಲೊಮಾ ಮುಗಿಸಿ ಭಟ್ಕಳ, ಹೊನ್ನಾವರ, ಕುಮಟಾ ಸುತ್ತಲು ಶುರು ಮಾಡಿದ್ದು 2010ರಲ್ಲಿ. ಮೀನಿನ ದರ, ಬಸ್ ಅಪಘಾತ, ಗುಡ್ಡ ಕುಸಿತ ಬರೆಯುತ್ತಿದ್ದವನಿಗೆ ಒಂದು ದಿನ ವಿಜ್ಞಾನದ ಸುದ್ದಿ ಸಿಕ್ಕಿತು. ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯ ಶುಭ್ರಾ ಚಕ್ರವರ್ತಿ, ಆಶಿಸ್ ದತ್ತಾ ಮತ್ತು ಜೊತೆಗಾರರು ರಾಜಗಿರಿಯ ಒಂದು ಜೀನನ್ನು ಬಟಾಟೆಗೆ ಸೇರಿಸಿದ್ದರು. ರಾಜಗಿರಿ ಅಂದರೆ ನಮ್ಮ ಹಿತ್ತಲ ಹರಿವೆಯ ದಾಯಾದಿ. 'ಬಟಾಟೆಯಲ್ಲಿ ಶೇ. 60 ಹೆಚ್ಚು ಪ್ರೋಟೀನ್' ಎಂದು ನಾಲ್ಕು ಸಾಲು ಬರೆದು ಕಳಿಸಿದೆ. ಒಳಪುಟದಲ್ಲಿ ಬಂತು.

ವಾರದ ಮೇಲೆ ಕುಮಟಾ ಸಂತೆಯಲ್ಲಿ ಪರಿಚಯದ ದೊಡ್ಡಮ್ಮ ಕೈ ಹಿಡಿದು ನಿಲ್ಲಿಸಿದರು. ಸಂಚಿಯಲ್ಲಿ ಆ ಪೇಪರಿನ ತುಂಡು.

"ತಮಾ, ಈ ಬಟಾಟೆ ಎಲ್ಲಿ ಸಿಕ್ತದೆ? ಮೊಮ್ಮಗಳ ತೂಕ ಏರೂದೇ ಇಲ್ಲ. ಬೇಳೆ ಬಿಟ್ಟು ಇದನ್ನೇ ಕೊಟ್ರೆ ಸಾಕಾ?"

ನನ್ನ ಬಳಿ ಉತ್ತರ ಇರಲಿಲ್ಲ. ಸಂಜೆ ಸೈಬರ್ ಕೆಫೆಯಲ್ಲಿ ಕೂತು, ಬರೆಯುವ ಮೊದಲೇ ಓದಬೇಕಿದ್ದನ್ನು ಆಗ ಓದಿದೆ. 100 ಗ್ರಾಂ ಬಟಾಟೆಯಲ್ಲಿ ಪ್ರೋಟೀನ್ ಇರುವುದೇ ಸುಮಾರು 2 ಗ್ರಾಂ. ಅದರ ಮೇಲೆ ಶೇ. 60 ಅಂದರೆ 3 ಗ್ರಾಂ ಚಿಲ್ಲರೆ. ಅದೂ ಗರಿಷ್ಠ, ಪ್ರಯೋಗಿಸಿದ ಏಳು ತಳಿಗಳಿಗೂ ಒಂದೇ ಲೆಕ್ಕವಲ್ಲ. ಒಣ ತೊಗರಿಬೇಳೆಯಲ್ಲಿ 20 ಗ್ರಾಂಗೂ ಹೆಚ್ಚು. ಬೆಂದು ನೀರು ಕುಡಿದ ಮೇಲೂ ಅದು ಬಟಾಟೆಗಿಂತ ಮೇಲೆ.

ನಾನು ಬಿಟ್ಟದ್ದು ಇನ್ನೂ ಇತ್ತು. ಆ ಜೀನು ಗಡ್ಡೆಯಲ್ಲಿ ಕೆಲಸ ಮಾಡುವಂತೆ ಜೋಡಿಸಿದ್ದರು. ಬದಲಾದದ್ದು ಮಾತ್ರ ಇಡೀ ಗಿಡ. ಎಲೆಗಳ ದ್ಯುತಿಸಂಶ್ಲೇಷಣೆ ಚುರುಕಾಯಿತು, ಗಿಡದ ಒಟ್ಟು ತೂಕ ಏರಿತು, ಗಡ್ಡೆಯ ಇಳುವರಿಯೂ ತುಸು ಹೆಚ್ಚಿತು. ಬಟಾಟೆ ಬೇರಲ್ಲ, ಮಣ್ಣೊಳಗಿನ ಕಾಂಡದ ತುದಿ ಊದಿ ಆದದ್ದು. ಎಲೆ ಮಾಡಿದ ಸಕ್ಕರೆ ಕೆಳಗಿಳಿದು ಅಲ್ಲಿ ಪಿಷ್ಟವಾಗಿ ತುಂಬುತ್ತದೆ. ಎಲೆಗೂ ಗಡ್ಡೆಗೂ ಹೀಗೆ ಸಂಬಂಧ ಇರುವುದರಿಂದ ಒಂದು ಕಡೆ ಕೈಯಿಟ್ಟರೆ ಇನ್ನೊಂದು ಕಡೆಯೂ ನೋಡಬೇಕಾಗುತ್ತದೆ. ಗಡ್ಡೆ ತನ್ನದೇ ಪ್ರೋಟೀನುಗಳ ಪ್ರಮಾಣವನ್ನೂ ಹೊಸದಾಗಿ ಹೊಂದಿಸಿಕೊಂಡಿತ್ತು ಎಂಬುದು ಸಂಶೋಧಕರ ವಿವರಣೆ. ಒಂದು ಜೀನು ಸೇರಿಸುವುದೆಂದರೆ ಚೀಲಕ್ಕೆ ಇನ್ನೊಂದು ಬಟಾಟೆ ಹಾಕಿದಂತಲ್ಲ.

ಮುಂದಿನ ಸಂತೆಗೆ ದೊಡ್ಡಮ್ಮನನ್ನು ಹುಡುಕಿಕೊಂಡು ಹೋದೆ. "ಅದು ಮಾರಾಟಕ್ಕೆ ಬಂದಿಲ್ಲ. ಬಂದರೂ ಬೇಳೆ ಬಿಡಬೇಡಿ. ಮಗುವನ್ನು ಡಾಕ್ಟರಿಗೆ ತೋರಿಸಿ."

"ಮತ್ತೆ ಪೇಪರಿನಲ್ಲಿ ಹಾಗೆ ಯಾಕೆ ಬರ್ದದ್ದು?"

"ತಪ್ಪು ನನ್ನದೇ, ದೊಡ್ಡಮ್ಮ."

ಅವರು ತುಂಡನ್ನು ಮಡಚಿ ನನ್ನ ಕೈಗೇ ಕೊಟ್ಟರು. ಆ ಬಟಾಟೆ ಇಂದಿಗೂ ನಮ್ಮ ಸಂತೆಗೆ ಬಂದಿಲ್ಲ. ತುಂಡು ನನ್ನ ಡೈರಿಯಲ್ಲಿದೆ. ಈಗ ಯಾವ ಸುದ್ದಿಯಲ್ಲಿ ಶೇಕಡಾ ಕಂಡರೂ, 'ಎಷ್ಟರ ಮೇಲೆ?' ಎಂದು ಕೇಳದೆ ಕಳಿಸುವುದಿಲ್ಲ.