50 ಫಾರ್ಮು, ಒಂದೇ ಪೆನ್ನು

ಫೈಲ್ ತೆರೆದ ಎರಡೇ ನಿಮಿಷಕ್ಕೆ ಗೊತ್ತಾಯ್ತು, ಇದು ಡೂಪ್ಲಿಕೇಟ್ ಅಂತ. ನೆಲ್ಲು ಹಚ್ಚಲು ಕೂಲಿಗೆ ಹೋಗುವ ಹೆಂಗಸರನ್ನು ಮಾತಾಡಿಸಿ ತುಂಬಿದ 50 ಫಾರ್ಮುಗಳಂತೆ. ಎಲ್ಲದಕ್ಕೂ ಒಂದೇ ನೀಲಿ ಪೆನ್ನು. ಒಂದು ಖಾನೆಯೂ ಖಾಲಿ ಇಲ್ಲ, ಒಂದು ಹೆಬ್ಬೆಟ್ಟೂ ಇಲ್ಲ. ವಯಸ್ಸು ನೋಡಿದರೆ 37, 43, 52! ನಮ್ಮ ಕಡೆ ಕೂಲಿಗೆ ಹೋಗುವ ಅಮ್ಮಂದಿರನ್ನು ವಯಸ್ಸು ಕೇಳಿ ನೋಡಿ, "ನಲವತ್ತಿರಬೇಕು ನೋಡಪಾ" ಅಂತಾರೆ. ದಿನಾ ಡೇಟಾ ಜೊತೆ ಗುದ್ದಾಡುವುದೇ ನನ್ನ ನೌಕರಿ. ಇಷ್ಟು ಕ್ಲೀನ್ ಡೇಟಾ ಬೆಂಗಳೂರಲ್ಲೂ ನೋಡಿಲ್ಲ.

ನನ್ನೂರು ಲಿಂಗಸುಗೂರು. ಸಿಂಧನೂರಿನ ಡಿಗ್ರಿ ಕಾಲೇಜೊಂದರಲ್ಲಿ ಪಾಠ ಮಾಡುವ ಗೆಳೆಯ, "ಊರಿಗೆ ಬಂದಾಗ ಫೈನಲ್ ಇಯರ್ ಮಕ್ಕಳ ಪ್ರಾಜೆಕ್ಟ್ ಸ್ವಲ್ಪ ನೋಡು ಮಾರಾಯ" ಅಂದಿದ್ದ. ಹೀರೋ ಥರ ಒಪ್ಪಿಕೊಂಡೆ. ಪ್ರಶ್ನಾವಳಿಯನ್ನೂ ನಾನೇ ಬೆಂಗಳೂರಲ್ಲಿ ಕೂತು ಗೂಗಲ್ ಡಾಕ್ಸ್‌ನಲ್ಲಿ ಮಾಡಿ ಕಳಿಸಿದ್ದೆ.

ಫಾರ್ಮು ತಂದ ಹುಡುಗಿ ಮಸ್ಕಿ ಹತ್ತಿರದ ಹಳ್ಳಿಯವಳು. "ಇವನ್ನ ನೀನೇ ತುಂಬಿದ್ಯಾ?" ಅಂತ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

"ಎಲ್ಲಾರೂ ಹಂಗ ಮಾಡ್ಯಾರ್ರಿ ಸರ್. ಕಾಲೇಜು ಮುಗಿಸಿ ಬಸ್ ಹಿಡದು ಮನಿ ಮುಟ್ಟೂದ್ರಾಗ ಕತ್ತಲಾಗಿರ್ತೈತಿ. ಐವತ್ತು ಮಂದಿನ ಯಾವಾಗ ಕೇಳ್ಲಿ?"

ಬೈಯಬೇಕು ಅಂತ ತೆರೆದ ಬಾಯಿ ಮುಚ್ಚಿಕೊಂಡೆ. ಯಾಕಂದ್ರೆ ನನ್ನ ಡಿಗ್ರಿ ಪ್ರಾಜೆಕ್ಟನ್ನು ನಾನು ಡಿಟಿಪಿ ಅಂಗಡಿಯಲ್ಲಿ ಕೊಂಡಿದ್ದೆ. ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ, ಬಂಗಾರದ ಅಕ್ಷರದ ಬೈಂಡಿಂಗ್ ಮಾಡಿಸಿ ಕೊಟ್ಟವನಿಗೆ ಫಸ್ಟ್ ಕ್ಲಾಸ್ ಬಂದಿತ್ತು. ಇದನ್ನ ಅವಳಿಗೂ ಹೇಳಿದೆ. ಒಂಥರಾ ನೋಡಿದಳು.

ಮುಂದಿನ ಶನಿವಾರ ಹುಡುಗರನ್ನೆಲ್ಲ ಮಸ್ಕಿಗೆ ಕರೆದೊಯ್ದೆವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ರಸ್ತೆಯ ಮೇಲಿವೆ. ಅಶೋಕನ ಶಾಸನದ ಮುಂದೆ ನಿಂತು, ಇದು ಅವನದೇ ಅಂತ ನಿಮಗೆ ಹೇಗೆ ಗೊತ್ತು ಅಂತ ಕೇಳಿದೆ. "ಬುಕ್ಕಿನ್ಯಾಗ ಐತ್ರಿ ಸರ್." ಬುಕ್ಕಿಗೆ ಹೇಗೆ ಗೊತ್ತಾಯ್ತು? ಎಲ್ಲರೂ ಗಪ್‌ಚುಪ್.

ಆ ಕತೆ ನನಗೆ ಬಹಳ ಇಷ್ಟ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕ ಹೆಸರು 'ದೇವಾನಂಪಿಯ ಪಿಯದಸಿ'. ಅವನು ಸಿಂಹಳದ ರಾಜ ಇರಬೇಕು ಅಂತ ಪ್ರಿನ್ಸೆಪ್ ಬರೆದೇಬಿಟ್ಟ. ಅದೇ ವರ್ಷ ಜಾರ್ಜ್ ಟರ್ನರ್ ಸಿಂಹಳದ ಪಾಳಿ ಗ್ರಂಥ ನೋಡಿ, ಅಲ್ಲ, ಇವನು ಅಶೋಕ ಅಂದ. ಪ್ರಿನ್ಸೆಪ್ ತಿದ್ದಿಕೊಂಡ. ಆದರೂ ಆಗ ಓದಿದ ಯಾವ ಕಲ್ಲಿನ ಮೇಲೂ 'ಅಶೋಕ' ಅನ್ನುವ ಹೆಸರಿರಲಿಲ್ಲ. ಅದು ಸಿಕ್ಕಿದ್ದು 1915ರಲ್ಲಿ, ಇಲ್ಲೇ ಮಸ್ಕಿಯಲ್ಲಿ, ಬಂಗಾರದ ಗಣಿಯ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ. ನಡುವೆ 78 ವರ್ಷ!

ಆ ಹುಡುಗಿ ಕೇಳಿದಳು, "ಮೊದಲ ತಪ್ಪು ಬರದಾನಲ್ರಿ, ಅವನಿಗೆ ಮಾರ್ಕ್ಸ್ ಕಟ್ ಮಾಡ್ಲಿಲ್ಲೇನ್ರಿ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದೆ ಅದು ಅಷ್ಟು ನಗುವ ಮಾತಾಗಿ ಉಳಿಯಲಿಲ್ಲ.

"ಮೊದಲು ನಿಮ್ಮ ಅವ್ವನ್ನ ಕೇಳು, ಆಮೇಲೆ ಉಳಿದವರು" ಅಂತ ಹೇಳಿ ಕಳಿಸಿದೆ. ಅವಳ ಅವ್ವನೂ ನೆಲ್ಲು ಹಚ್ಚಲು ಸಿಂಧನೂರು ಕಡೆ ಹೋಗುವವರು. 'ದಿನಗೂಲಿ ಎಷ್ಟು?' ಅನ್ನೋ ನನ್ನ ಮೂರನೇ ಪ್ರಶ್ನೆಗೇ ಆ ಅವ್ವ ತಡೆದರಂತೆ. "ದಿನಗೂಲಿ ಎಲ್ಲೈತಿ? ಎಕರೆಗಿಷ್ಟು ಅಂತ ಗುತ್ತಿಗಿ ಹಿಡಿತೀವಿ. ಎಷ್ಟ್ ಮಂದಿ ಬಂದಿರ್ತೀವಿ ಅಷ್ಟು ಪಾಲು. ಅದ್ರಾಗ ಟಂಟಂ ರೊಕ್ಕ ಹೋಗ್ತೈತಿ."

ಅಂದರೆ ಪ್ರಶ್ನೆಯೇ ತಪ್ಪು. ಅವಳು 50 ಸಲ ತಪ್ಪಿಲ್ಲದೆ ತುಂಬಿದ್ದು ಇಲ್ಲದ ಕೂಲಿಯನ್ನು. ಅದನ್ನು ಕೇಳಿದವನು ನಾನು. ಭಾನುವಾರ ಇಡೀ ದಿನ ಅವಳೂ ನಾನೂ ಫೋನಿನಲ್ಲೇ ಪ್ರಶ್ನಾವಳಿ ಹರಿದು ಹೊಸದು ಮಾಡಿದೆವು.

ಕೊನೆಗೆ ಅವಳು ತಂದದ್ದು 11 ಫಾರ್ಮು. ಮೂರು ಬಣ್ಣದ ಪೆನ್ನು, ಕೆಸರಿನ ಕಲೆ, ಹೆಬ್ಬೆಟ್ಟು. ವಯಸ್ಸಿನ ಖಾನೆಯಲ್ಲಿ 40, 40, 50, ಗೊತ್ತಿಲ್ಲ.

ಪ್ರೆಸೆಂಟೇಶನ್ ದಿನ ಉಳಿದವರು ಹಾರಾಡುವ ಅಕ್ಷರಗಳ ಪಿಪಿಟಿ ಹಾಕಿ, ಗೋಡೆ ಕಡೆ ತಿರುಗಿ ಇಂಗ್ಲಿಷ್ ಓದಿದರು. ಇವಳದು ನಾಲ್ಕೇ ಸ್ಲೈಡು, ಕನ್ನಡದಲ್ಲಿ. "ಮೊದಲ ನಾನು ತಪ್ಪು ಪ್ರಶ್ನೆ ಕೇಳಿದ್ದೆ" ಅಂತಲೇ ಶುರು ಮಾಡಿದಳು. ಗುತ್ತಿಗೆ ಲೆಕ್ಕ ಹೇಳುವಾಗ ಹಿಂದಿನ ಬೆಂಚಿನವರೂ ಫೋನ್ ಕೆಳಗಿಟ್ಟರು, ಅವರ ಮನೆಯ ಲೆಕ್ಕವೂ ಅದೇ ತಾನೆ. ಮುಗಿದ ಮೇಲೆ ಪರೀಕ್ಷಕರೊಬ್ಬರು, "ಕನಿಷ್ಠ ಐವತ್ತು ಬೇಕಿತ್ತು, ಸ್ಯಾಂಪಲ್ ಸಾಲಲ್ಲ" ಅಂದರು.

"ಹೌದ್ರಿ ಸರ್, ಸಾಲಂಗಿಲ್ಲ. ಈ ಹನ್ನೊಂದು ಮಂದಿ ಬಗ್ಗೆ ಅಷ್ಟ ಹೇಳಾಕತ್ತೀನ್ರಿ."

ಮಾರ್ಕ್ಸ್ ಕಟ್ ಆಯ್ತು. ಡಿಟಿಪಿ ಅಂಗಡಿಯ ಪ್ರಾಜೆಕ್ಟ್ ತಂದವನಿಗೆ ಇವಳಿಗಿಂತ ಜಾಸ್ತಿ ಬಂತು. ನನಗೇನು, ಭಾನುವಾರ ರಾತ್ರಿ ಸ್ಲೀಪರ್ ಬಸ್ ಹತ್ತಿ ಬಂದೆ. ಬಿಎಡ್‌ಗೆ ಅಂಕ ಲೆಕ್ಕ ಹಾಕುತ್ತಾ ಕೂತವಳು ಅವಳು. ಪ್ರಾಮಾಣಿಕವಾಗಿರು ಅಂತ ಹೇಳೋಕೆ ನನಗೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ಎರಡು ವಾರ ಇದು ತಲೆಯಲ್ಲೇ ಕೊರೆಯುತ್ತಿತ್ತು, ಫೋನ್ ಮಾಡೋ ಧೈರ್ಯ ಬರಲಿಲ್ಲ.

ಮೊನ್ನೆ ಅವಳೇ ವಾಟ್ಸಾಪ್ ಮಾಡಿದ್ದಳು. ಹನ್ನೆರಡನೇ ಫಾರ್ಮಿನ ಫೋಟೊ. ಕೆಳಗೆ, "ಸರ್, ಇವ್ರು ಟಂಟಂ ರೊಕ್ಕ ಮೇಸ್ತ್ರಿನೇ ಕೊಡ್ತಾನ ಅಂತಾರ. ಯಾವ ಖಾನ್ಯಾಗ ಬರೀಲ್ರಿ?"

ಹೊಸ ಖಾನೆ ಎಳಿ ಅಂತ ಬರೆದೆ.